ಕಾಲೇಜು ಫುಟ್‌ಬಾಲ್ ಫೋಟೊಗಳಿಗೆ ವಿಷಯ ಶೀರ್ಷಿಕೆ: ಎಲ್ಲಕ್ಕೂ "ಫುಟ್‌ಬಾಲ್" ಅಂತ ಹಾಕಿದರೆ ಸಾಕಾ?

ಸೂಚಿಕಾರ (ಪ್ರಶ್ನೆ)

ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಡಿಜಿಟಲ್ ಪತ್ರಾಗಾರಕ್ಕೆ ಮೆಟಾಡೇಟಾ, ಅಂದರೆ ಪ್ರತಿ ಫೋಟೊದ ವಿವರಗಳ ದಾಖಲೆ, ಮಾಡಬೇಕಿದೆ. ಕಾಲೇಜು ಫುಟ್‌ಬಾಲಿನ ಫೋಟೊಗಳು ಸುಮಾರು ಮೂರು ಸಾವಿರ ಇವೆ. 1890ರ ದಶಕದ ಗಾಜಿನ ನೆಗೆಟಿವ್‌ಗಳಿಂದ 1970ರ ದಶಕದ 35 ಎಂಎಂ ಫಿಲಂವರೆಗೆ ಎಲ್ಲವೂ ಸ್ಕ್ಯಾನ್ ಆಗಿದೆ, ಕಂಟೆಂಟ್‌ಡಿಎಂ ಎಂಬ ಡಿಜಿಟಲ್ ಸಂಗ್ರಹದ ತಂತ್ರಾಂಶಕ್ಕೆ ಏರಿಸಬೇಕು. ವಿಷಯದ ಕಾಲಂನಲ್ಲಿ ಈಗ ಇರುವುದು ಎರಡೇ ಮಾತು: "ಫುಟ್‌ಬಾಲ್" ಮತ್ತು ವಿಶ್ವವಿದ್ಯಾಲಯದ ಹೆಸರು. ಮೂರು ಸಾವಿರಕ್ಕೂ ಅದೇ. ಹುಡುಕಿದರೆ ಒಂದೋ ಎಲ್ಲ ಬರುತ್ತವೆ, ಇಲ್ಲವೋ ಒಂದೂ ಬರುವುದಿಲ್ಲ.

ತಂಡದ ಗುಂಪುಚಿತ್ರ, ಆಟದ ನಡುವಿನ ದೃಶ್ಯ, ಬ್ಯಾಂಡ್, ಚಿಯರ್‌ಲೀಡರ್‌ಗಳು, ಪ್ರೇಕ್ಷಕರು, ಮೇಲಿನಿಂದ ತೆಗೆದ ಸ್ಟೇಡಿಯಂ, ಕೋಚ್‌ನ ಭಾವಚಿತ್ರ, ಎಲ್ಲ ಬೆರೆತಿವೆ. ನನ್ನ ಗೊಂದಲಗಳು ಇವು. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯ ಶೀರ್ಷಿಕೆಗಳನ್ನೇ (ವಿಷಯ ಸೂಚಿಸುವ ನಿಗದಿತ ಪದಗಳು) ಬಳಸಲೋ, ಚಿತ್ರಗಳಿಗೆಂದೇ ಇರುವ ಟಿಜಿಎಂ ಪದಕೋಶವೋ, ಫಾಸ್ಟೋ? ಒಂದು ಫೋಟೊಗೆ ಎಷ್ಟು ಶೀರ್ಷಿಕೆ ಹಾಕಬೇಕು? ತಂಡವನ್ನು ಅದರ ಅಡ್ಡಹೆಸರಿನಿಂದ ಕರೆಯಬೇಕೋ, ವಿಶ್ವವಿದ್ಯಾಲಯದ ಹೆಸರಿನ ಕೆಳಗೆ ತರಬೇಕೋ? "ರೋಸ್ ಬೌಲ್" ಎಂಬುದು ಹೊಸ ವರ್ಷದ ಪಂದ್ಯಕ್ಕೂ ಹೆಸರು, ಪಸಡೀನಾದ ಸ್ಟೇಡಿಯಂಗೂ ಹೆಸರು; ಹಾಗೆ ಬರೆದ ಲಕೋಟೆಯಲ್ಲಿರುವುದು ಪಂದ್ಯವೋ ಸ್ಟೇಡಿಯಮ್ಮೋ? ಜೆರ್ಸಿ ಸಂಖ್ಯೆ ನೋಡಿ ಆಟಗಾರನ ಹೆಸರು ಹಾಕಬಹುದಾ?

ಮಾರ್ಕ್650

ಮೊದಲು ಒಂದು ಎಚ್ಚರಿಕೆ. ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಯಲ್ಲಿ "ಫುಟ್‌ಬಾಲ್" ಎಂದರೆ ಅಮೆರಿಕನ್ ಫುಟ್‌ಬಾಲ್. ನಾವು ಫುಟ್‌ಬಾಲ್ ಅನ್ನುವ ಆಟ ಅಲ್ಲಿ "ಸಾಕರ್". ರಗ್ಬಿಗೆ "ರಗ್ಬಿ ಫುಟ್‌ಬಾಲ್" ಎಂಬ ಬೇರೆ ಶೀರ್ಷಿಕೆ ಇದೆ. ಗೊತ್ತಿರುವ ವಿಷಯವೇ ಅನ್ನಿಸಬಹುದು, ಆದರೆ ಹಳೆಯ ಕಾಲೇಜು ಫೋಟೊಗಳಲ್ಲಿ ಎಡವುವುದು ಇಲ್ಲೇ. 1905ರ ಹಿಂಸಾಚಾರದ ಗದ್ದಲದ ನಂತರ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ಎರಡೂ ಅಮೆರಿಕನ್ ಆಟ ಕೈಬಿಟ್ಟು ರಗ್ಬಿಗೆ ಹೋದವು. 1906ರಿಂದ 1914ರವರೆಗೆ ಅವರಿಬ್ಬರ ನಡುವಿನ ವಾರ್ಷಿಕ ಪಂದ್ಯ "ಬಿಗ್ ಗೇಮ್" ನಡೆದದ್ದು ರಗ್ಬಿಯಲ್ಲಿ. ಲಕೋಟೆಯ ಮೇಲೆ "ಫುಟ್‌ಬಾಲ್" ಎಂದೇ ಬರೆದಿರುತ್ತದೆ. ಆ ವರ್ಷಗಳ ಫೋಟೊಗೆ ಶೀರ್ಷಿಕೆ "ರಗ್ಬಿ ಫುಟ್‌ಬಾಲ್" ಆಗಬೇಕು. ನಿಮ್ಮ ವಿಶ್ವವಿದ್ಯಾಲಯ ಪಶ್ಚಿಮ ಕರಾವಳಿಯದಾದರೆ ಇದನ್ನು ಮೊದಲೇ ಬೇರ್ಪಡಿಸಿ ಇಟ್ಟುಕೊಳ್ಳಿ.

ಪದಕೋಶದ ಮಾತು. ಮೂರನ್ನೂ ಒಂದೇ ಕಾಲಂನಲ್ಲಿ ಕಲಸಬೇಡಿ. ನನ್ನ ಸಲಹೆ ಹೀಗಿದೆ:

ಚಿತ್ರದಲ್ಲಿ ಕಣ್ಣಿಗೆ ಕಾಣುವ ಸಂಗತಿಗೆ ಟಿಜಿಎಂ. ಅದು ಲೈಬ್ರರಿ ಆಫ್ ಕಾಂಗ್ರೆಸ್‌ನ ಚಿತ್ರ ವಿಭಾಗ ಚಿತ್ರಗಳಿಗೆಂದೇ ಕಟ್ಟಿದ ಪದಕೋಶ. ಫುಟ್‌ಬಾಲ್ ಪ್ಲೇಯರ್ಸ್, ಸ್ಪೆಕ್ಟೇಟರ್ಸ್, ಸ್ಟೇಡಿಯಮ್ಸ್ ಇಂಥ ಸರಳ ಪದಗಳು ಅಲ್ಲಿವೆ, ಉದ್ದುದ್ದ ಉಪವಿಭಾಗಗಳ ಸರಪಳಿ ಇಲ್ಲ.

ಹೆಸರುಗಳಿಗೆ, ಅಂದರೆ ವ್ಯಕ್ತಿ, ಸಂಸ್ಥೆ, ಕಟ್ಟಡ, ಪಂದ್ಯಗಳಿಗೆ, ಲೈಬ್ರರಿ ಆಫ್ ಕಾಂಗ್ರೆಸ್‌ನ ಅಥಾರಿಟಿ ಫೈಲ್‌ಗಳು (ಪ್ರತಿ ಹೆಸರಿಗೂ ಒಂದು ಒಪ್ಪಿತ ರೂಪ ಕೊಡುವ ಪಟ್ಟಿಗಳು). ಹೆಸರಿನ ಫೈಲ್, ವಿಷಯದ ಫೈಲ್ ಎರಡರಲ್ಲೂ ಹುಡುಕಿ. ಸ್ಟೇಡಿಯಂಗಳು ವಿಷಯದ ಫೈಲ್‌ನಲ್ಲಿ ಸಿಗುತ್ತವೆ, ವಿಶ್ವವಿದ್ಯಾಲಯಗಳು ಹೆಸರಿನ ಫೈಲ್‌ನಲ್ಲಿ. ಒಂದೇ ಕಡೆ ಹುಡುಕಿ "ಇಲ್ಲ" ಎಂದು ಸ್ಥಳೀಯವಾಗಿ ಹೊಸ ಶೀರ್ಷಿಕೆ ಹುಟ್ಟಿಸಿದರೆ ಮುಂದೆ ಎರಡೆರಡು ರೂಪ ಓಡಾಡುತ್ತವೆ.

ಫಾಸ್ಟ್ ಬಗ್ಗೆ: ಲೈಬ್ರರಿ ಆಫ್ ಕಾಂಗ್ರೆಸ್‌ನ ಸರಪಳಿ ಶೀರ್ಷಿಕೆಗಳನ್ನೇ ತುಂಡು ಮಾಡಿ ವ್ಯಕ್ತಿ, ಸಂಸ್ಥೆ, ಸ್ಥಳ, ಘಟನೆ, ಕಾಲ, ವಿಷಯ ಹೀಗೆ ಬೇರೆ ಬೇರೆ ಮುಖಗಳಾಗಿ ಇಟ್ಟ ವ್ಯವಸ್ಥೆ ಅದು. ಪುಟದ ಎಡಬದಿಯಲ್ಲಿ ಟಿಕ್ ಹಾಕಿ ಸೋಸುವ ಸೌಲಭ್ಯ ಇರುವ ಡಿಜಿಟಲ್ ಸಂಗ್ರಹಕ್ಕೆ ಸರಪಳಿಗಿಂತ ಇದು ಒಗ್ಗುತ್ತದೆ. "ಫುಟ್‌ಬಾಲ್--ನಾರ್ತ್ ಕ್ಯಾರೊಲೈನಾ--ಡರ್ಹಮ್--ಹಿಸ್ಟರಿ" ಎಂಬ ಸರಪಳಿ ಸೋಸುವ ಪಟ್ಟಿಯಲ್ಲಿ ಒಂದು ಉದ್ದ ಸಾಲಾಗಿ ಕೂರುತ್ತದೆ, ಯಾರೂ ಒತ್ತುವುದಿಲ್ಲ. ಅದನ್ನೇ ಫುಟ್‌ಬಾಲ್ ಒಂದು ಕಡೆ, ಡರ್ಹಮ್ ಇನ್ನೊಂದು ಕಡೆ ಮಾಡಿದರೆ ಎರಡೂ ಕೆಲಸಕ್ಕೆ ಬರುತ್ತವೆ. ಪಟ್ಟಣದ ಹೆಸರನ್ನು ವಿಷಯದಲ್ಲಿ ತುರುಕದೆ ಸ್ಥಳದ ಕಾಲಂಗೆ ಕಳಿಸಿ.

ಕಾಲೇಜು ಫುಟ್‌ಬಾಲ್ ಪುಸ್ತಕಗಳಿಗೆ "ಫುಟ್‌ಬಾಲ್" ಮತ್ತು "ಕಾಲೇಜ್ ಸ್ಪೋರ್ಟ್ಸ್" ಎಂಬ ಜೋಡಿ ರೂಢಿಯಲ್ಲಿದೆ. ನಿಮ್ಮಲ್ಲಿರುವುದೆಲ್ಲ ಕಾಲೇಜು ಆಟವೇ. ಹಾಗಾಗಿ ಈ ಎರಡನ್ನೂ ಇಡೀ ಸಂಗ್ರಹದ ವಿವರಣೆಗೆ ಹಾಕಿ. ಪ್ರತಿ ಫೋಟೊಗೂ "ಕಾಲೇಜ್ ಸ್ಪೋರ್ಟ್ಸ್" ಅಂಟಿಸಿದರೆ ಅದು ಯಾವುದನ್ನೂ ಯಾವುದರಿಂದಲೂ ಬೇರ್ಪಡಿಸುವುದಿಲ್ಲ. ಸಂಗ್ರಹ ಮುಂದೆ ಬೇರೆ ಸಂಸ್ಥೆಗಳ ಜೊತೆ ಒಂದು ದೊಡ್ಡ ಪೋರ್ಟಲ್‌ಗೆ ಹೋಗುವುದಿದ್ದರೆ ಮಾತ್ರ "ಫುಟ್‌ಬಾಲ್" ಅನ್ನು ಪ್ರತಿ ದಾಖಲೆಯಲ್ಲೂ ಇರಿಸಿ, ಯಾಕೆಂದರೆ ಅಲ್ಲಿ ಸಂಗ್ರಹದ ವಿವರಣೆ ಕಳಚಿಹೋಗಿ ಒಂಟಿ ಫೋಟೊ ಮಾತ್ರ ಉಳಿಯುತ್ತದೆ. ಹಾಗೆಯೇ "ಪಿಕ್ಟೋರಿಯಲ್ ವರ್ಕ್ಸ್" ಎಂಬ ಉಪವಿಭಾಗ ಬೇಡ. ಎಲ್ಲವೂ ಚಿತ್ರವೇ ಆಗಿರುವಾಗ ಅದು ಬರೀ ಭಾರ.

ಎಷ್ಟು ಹಾಕಬೇಕು? ಲೈಬ್ರರಿ ಆಫ್ ಕಾಂಗ್ರೆಸ್‌ನ ಕೈಪಿಡಿಯಲ್ಲಿ ಸಾಮಾನ್ಯ ಮಿತಿ ಆರು, ಹತ್ತರ ಮೇಲೆ ಹೋಗಬಾರದು ಎಂದಿದೆ. ಅದು ಪುಸ್ತಕಕ್ಕೆ ಹೇಳಿದ ಮಾತು. ಫೋಟೊಗೆ ಹೆಸರುಗಳನ್ನು ಬಿಟ್ಟು ಎರಡರಿಂದ ನಾಲ್ಕು ಸಾಕು. ಪರೀಕ್ಷೆ ಇಷ್ಟೇ: ಈ ಶೀರ್ಷಿಕೆ ಒತ್ತಿ ಬಂದ ಓದುಗನಿಗೆ ಈ ಫೋಟೊ ನೋಡಿ "ಇದ್ಯಾಕೆ ಬಂತು" ಅನ್ನಿಸುತ್ತದಾ? ಅನ್ನಿಸಿದರೆ ತೆಗೆಯಿರಿ. ಆಟದ ದೃಶ್ಯದ ಹಿನ್ನೆಲೆಯಲ್ಲಿ ಮಸುಕಾಗಿ ಜನ ಕಂಡರೆ "ಸ್ಪೆಕ್ಟೇಟರ್ಸ್" ಬೇಡ. ಕ್ಯಾಮೆರಾ ಜನರ ಕಡೆಗೇ ತಿರುಗಿದ್ದರೆ ಬೇಕು.

ಗುಂಪುಚಿತ್ರ, ಭಾವಚಿತ್ರ, ವೈಮಾನಿಕ ಚಿತ್ರ, ಗಾಜಿನ ನೆಗೆಟಿವ್ ಇವು ವಿಷಯಗಳಲ್ಲ, ಪ್ರಕಾರಗಳು. ಅವಕ್ಕೆ ಬೇರೆ ಕಾಲಂ ಮಾಡಿ. ಮಾರ್ಕ್ ದಾಖಲೆ (ಗ್ರಂಥಾಲಯಗಳ ಕಂಪ್ಯೂಟರ್ ದಾಖಲೆಯ ರೂಪ) ಆದರೆ ಪ್ರಕಾರಕ್ಕೆ 655ನೇ ಕಾಲಂ, ವಿಷಯಕ್ಕೆ 650. ಇವೆರಡು ಬೆರೆತರೆ "ಗ್ರೂಪ್ ಪೋರ್ಟ್ರೇಟ್ಸ್" ಎಂದು ಹುಡುಕಿದವನಿಗೆ ಗುಂಪುಚಿತ್ರಗಳ ಬಗ್ಗೆ ಬರೆದ ಪುಸ್ತಕವೂ ಬರುತ್ತದೆ, ತಂಡದ ಫೋಟೊವೂ ಬರುತ್ತದೆ.

ಗಾಜುಫಲಕ

ಶೀರ್ಷಿಕೆಗೆ ಕೈ ಹಾಕುವ ಮುಂಚೆ ಫೋಟೊ ಯಾವ ವರ್ಷದ್ದು, ಯಾವ ಪಂದ್ಯದ್ದು ಎಂಬುದು ಗಟ್ಟಿಯಾಗಬೇಕು. ಲಕೋಟೆಯ ಬರಹವನ್ನು ಹಾಗೇ ನಂಬಿದರೆ ತಪ್ಪು ಶೀರ್ಷಿಕೆ ಸಾಲುಸಾಲಾಗಿ ಬರುತ್ತದೆ.

ಪತ್ರಿಕೆಯಿಂದ ಬಂದ ಫೋಟೊಗಳ ಹಿಂಬದಿಯ ದಿನಾಂಕ ಬಹಳ ಸಲ ಅಚ್ಚಾದ ದಿನ, ಆಟದ ದಿನವಲ್ಲ. ಕಾಲೇಜು ಪಂದ್ಯಗಳು ಹೆಚ್ಚಾಗಿ ಶನಿವಾರ. ಬರೆದ ದಿನಾಂಕ ಭಾನುವಾರಕ್ಕೆ ಬಿದ್ದರೆ ಒಂದು ದಿನ ಹಿಂದೆ ಹೋಗಿ ಪಂದ್ಯದ ಪಟ್ಟಿ ನೋಡಿ.

ಎರಡನೆಯದು, ಸೀಸನ್ ಮತ್ತು ದಿನಾಂಕ ಬೇರೆ ಬೇರೆ. ಅಲಬಾಮಾ ತಂಡ ವಾಷಿಂಗ್ಟನ್ ತಂಡವನ್ನು 20-19ರಲ್ಲಿ ಸೋಲಿಸಿದ ರೋಸ್ ಬೌಲ್ ನಡೆದದ್ದು 1926ರ ಜನವರಿ 1ರಂದು, ಆದರೆ ಅದು 1925ರ ಸೀಸನ್ನಿನ ಪಂದ್ಯ. ದಿನಾಂಕದ ಕಾಲಂನಲ್ಲಿ 1926-01-01, ಸೀಸನ್ ಎಂಬ ಸ್ಥಳೀಯ ಕಾಲಂನಲ್ಲಿ 1925. ಒಂದೇ ಕಾಲಂ ಇಟ್ಟುಕೊಂಡರೆ 1925ರ ತಂಡದ ಫೋಟೊಗಳು ಎರಡು ವರ್ಷಕ್ಕೆ ಹರಿದುಹೋಗುತ್ತವೆ. ದಿನಾಂಕ ಖಚಿತವಿಲ್ಲದಿದ್ದರೆ ಇಡಿಟಿಎಫ್ ಎಂಬ ದಿನಾಂಕ ಬರೆಯುವ ರೂಪ ಬಳಸಿ: ಸುಮಾರು 1912 ಎನ್ನಲು 1912 ಬರೆದು ಕೊನೆಯಲ್ಲಿ ಅಲೆಗೆರೆ (~), 1910ರ ದಶಕದ ಯಾವುದೋ ವರ್ಷ ಎನ್ನಲು 191 ಬರೆದು ಕೊನೆಯ ಅಂಕಿಯ ಜಾಗದಲ್ಲಿ ದೊಡ್ಡ ಎಕ್ಸ್.

ಬರಹವೇ ಇಲ್ಲದ ಫೋಟೊಗೆ ನಿಯಮಗಳ ಇತಿಹಾಸ ನೆರವಿಗೆ ಬರುತ್ತದೆ. ಮುಂದಕ್ಕೆ ಚೆಂಡೆಸೆಯುವ ಪಾಸ್ ನಿಯಮಬದ್ಧವಾದದ್ದು 1906ರಲ್ಲಿ. ಗೋಲ್ ಕಂಬಗಳು ಗೋಲ್ ಗೆರೆಯಿಂದ ಹತ್ತು ಗಜ ಹಿಂದಕ್ಕೆ, ಕೊನೆಯ ಗೆರೆಗೆ ಹೋದದ್ದು 1927ರಲ್ಲಿ. ಜೆರ್ಸಿಯ ಎದೆ ಬೆನ್ನು ಎರಡರಲ್ಲೂ ಸಂಖ್ಯೆ ಕಡ್ಡಾಯವಾದದ್ದು 1937ರಲ್ಲಿ. ಹೆಲ್ಮೆಟ್ ಕಡ್ಡಾಯವಾದದ್ದು 1939ರಲ್ಲಿ. ಕಂಬಗಳ ನಡುವಿನ ಅಗಲ 1959ರಲ್ಲಿ 23 ಅಡಿ 4 ಅಂಗುಲಕ್ಕೆ ಹೆಚ್ಚಿತು. ಆದರೆ ಇವನ್ನು ಒಂದೇ ದಿಕ್ಕಿನಲ್ಲಿ ಓದಬೇಕು. ಹೆಲ್ಮೆಟ್ ಇಲ್ಲದ ಆಟಗಾರ ಪಂದ್ಯದಲ್ಲಿ ಕಂಡರೆ 1939ಕ್ಕೆ ಮುಂಚಿನದು ಎನ್ನಬಹುದು. ಹೆಲ್ಮೆಟ್ ಇದೆ ಎಂದ ಮಾತ್ರಕ್ಕೆ ನಂತರದ್ದಲ್ಲ, ಏಕೆಂದರೆ ಚರ್ಮದ ಹೆಲ್ಮೆಟ್ ಅದಕ್ಕೂ ದಶಕಗಳ ಹಿಂದಿನಿಂದ ಬಳಕೆಯಲ್ಲಿತ್ತು. ಅಭ್ಯಾಸದ ಫೋಟೊ, ಬೇಕೆಂದೇ ನಿಲ್ಲಿಸಿ ತೆಗೆದ ಫೋಟೊಗಳಿಗೆ ಈ ನಿಯಮಗಳು ಲೆಕ್ಕಕ್ಕೇ ಬರುವುದಿಲ್ಲ.

ಗುಂಪುಚಿತ್ರದಲ್ಲಿ ನಾಯಕನ ಕೈಯಲ್ಲಿರುವ ಚೆಂಡಿನ ಮೇಲೆ ಬಿಳಿ ಬಣ್ಣದಲ್ಲಿ ವರ್ಷ ಬರೆದಿರುತ್ತದೆ, ಹಿಗ್ಗಿಸಿ ನೋಡಿ. ಅದು ಸಾಮಾನ್ಯವಾಗಿ ಸೀಸನ್ನಿನ ವರ್ಷ. ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದರೆ ಗಾಜಿನ ಫಲಕವನ್ನು ತಪ್ಪು ಮುಖವಾಗಿ ಸ್ಕ್ಯಾನ್ ಮಾಡಿದ್ದಾರೆ ಎಂದರ್ಥ. ಒಂದು ಸಣ್ಣ ಮೋಸ ಇದೆ ಇಲ್ಲಿ. ಮುದ್ರಿಸಿದಾಗ ನೇರವಾಗಿ ಬರಲೆಂದು ಫೋಟೊಗ್ರಾಫರ್‌ಗಳು ನೆಗೆಟಿವ್‌ನ ಲೇಪನದ ಬದಿಯಲ್ಲಿ ಉಲ್ಟಾ ಬರೆಯುತ್ತಿದ್ದರು, ಕೆಲವರು ಇನ್ನೊಂದು ಬದಿಯಲ್ಲಿ ಬರೆದದ್ದೂ ಇದೆ. ಅಂಚಿನ ಬರಹ ನೇರವಾಗಿದೆ ಎಂದು ಚಿತ್ರವೂ ನೇರ ಎಂದುಕೊಳ್ಳಬೇಡಿ. ಎದೆಯ ಮೇಲಿನ ಅಕ್ಷರ, ಹಿನ್ನೆಲೆಯ ಫಲಕ ನೋಡಿ ತೀರ್ಮಾನಿಸಿ. "ಎ", "ಎಂ", "ಒ", "ಟಿ" ಇಂಥ ಇಂಗ್ಲಿಷ್ ಅಕ್ಷರಗಳು ತಿರುಗಿಸಿದರೂ ಒಂದೇ ತರ ಇರುತ್ತವೆ, ಹಾಗಾಗಿ ಅವು ಸಾಕ್ಷಿಗೆ ಬರುವುದಿಲ್ಲ.

ಜೆರ್ಸಿ ಸಂಖ್ಯೆಯಿಂದ ಹೆಸರು ಹಾಕಬಹುದು, ಆದರೆ ಆ ದಿನದ ಪಂದ್ಯದ ಮುದ್ರಿತ ಪ್ರೋಗ್ರಾಂ ಕೈಯಲ್ಲಿದ್ದರೆ ಮಾತ್ರ. ಹಳೆಯ ತಂಡಗಳಲ್ಲಿ ಸೀಸನ್ ನಡುವೆ ಸಂಖ್ಯೆ ಬದಲಾಗುತ್ತಿತ್ತು, ಇಬ್ಬರಿಗೆ ಒಂದೇ ಸಂಖ್ಯೆ ಇರುವುದೂ ಉಂಟು. ಇನ್ನೊಂದು: ಇಪ್ಪತ್ತನೇ ಶತಮಾನದಲ್ಲಿ 1972ರವರೆಗೆ ದೊಡ್ಡ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ, ಯುದ್ಧಕಾಲದ ವಿನಾಯಿತಿ ಬಿಟ್ಟರೆ. ಅವರದೇ ಬೇರೆ ತಂಡ, ಬೇರೆ ಪಂದ್ಯಗಳು, ಬಟ್ಟೆ ಮಾತ್ರ ಅದೇ. ಮುಖ್ಯ ತಂಡದ ಪಟ್ಟಿ ಹಿಡಿದು ಮೊದಲ ವರ್ಷದವರ ಫೋಟೊಗೆ ಹೆಸರು ಹಾಕಿದರೆ ಎಲ್ಲವೂ ತಪ್ಪುತ್ತದೆ. ಅನುಮಾನ ಇದ್ದ ಹೆಸರನ್ನು ವಿವರಣೆಯಲ್ಲಿ "ಇರಬಹುದು" ಎಂದು ಬರೆಯಿರಿ, ವಿಷಯದ ಕಾಲಂಗೆ ತರಬೇಡಿ. ಶೀರ್ಷಿಕೆಗೆ "ಇರಬಹುದು" ಎನ್ನಲು ಬರುವುದಿಲ್ಲ, ಒಮ್ಮೆ ಸೇರಿದ ಹೆಸರು ಖಚಿತವೆಂದೇ ಎಲ್ಲೆಡೆ ನಕಲಾಗುತ್ತದೆ.

ಸೂಚಿಕಾರ

ಇಬ್ಬರಿಗೂ ಧನ್ಯವಾದ. ಸೀಸನ್‌ಗೆ ಬೇರೆ ಕಾಲಂ ಇವತ್ತೇ ಸೇರಿಸುತ್ತೇನೆ. ತಂಡದ ಹೆಸರಿನ ವಿಷಯ ಉಳಿಯಿತು. ನಮ್ಮ ಸಂಸ್ಥೆಯ ಹೆಸರೂ ಮಧ್ಯೆ ಬದಲಾಗಿದೆ, ಎದುರಾಳಿಗಳದೂ ಬದಲಾಗಿದೆ. ಮತ್ತೆ ಪೋಸ್ ಕೊಟ್ಟು ತೆಗೆದ ಪ್ರಚಾರದ ಫೋಟೊಗಳಲ್ಲಿ ಏನೇನೋ ಇರುತ್ತದೆ, ಕುದುರೆ, ಕಾರು, ಟ್ರ್ಯಾಕ್ಟರ್. ಅವನ್ನೆಲ್ಲ ಶೀರ್ಷಿಕೆ ಮಾಡಬೇಕಾ?

ಎರಡುಗೆರೆ

ಹೆಸರು ಬದಲಾವಣೆಗೆ ಕೈಪಿಡಿಯಲ್ಲಿ ಎರಡು ಬೇರೆ ನಿಯಮ ಇವೆ. ಜನ ಇವನ್ನು ಅದಲುಬದಲು ಮಾಡುತ್ತಾರೆ.

ವಿಶ್ವವಿದ್ಯಾಲಯದಂಥ ಸಂಸ್ಥೆಗೆ: ವಸ್ತು ಯಾವ ಕಾಲಕ್ಕೆ ಸೇರಿದೆಯೋ ಆ ಕಾಲದ ಹೆಸರು. ಒಂದಕ್ಕಿಂತ ಹೆಚ್ಚು ಹೆಸರಿನ ಕಾಲವನ್ನು ಒಳಗೊಂಡಿದ್ದರೆ ಅದರಲ್ಲಿ ಕೊನೆಯದು. ಈಗಿನ ಆಬರ್ನ್ ವಿಶ್ವವಿದ್ಯಾಲಯ 1960ರವರೆಗೆ ಅಲಬಾಮಾ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್. ಪತ್ರಿಕೆಗಳೂ ಜನರೂ ಆಗಲೇ "ಆಬರ್ನ್" ಎನ್ನುತ್ತಿದ್ದರು, ಫೋಟೊ ಹಿಂದೆಯೂ ಹಾಗೇ ಇರುತ್ತದೆ, ಆದರೆ 1950ರ ಪಂದ್ಯಕ್ಕೆ ಸಂಸ್ಥೆಯ ಶೀರ್ಷಿಕೆ ಪಾಲಿಟೆಕ್ನಿಕ್. ಪೆನ್ ಸ್ಟೇಟ್ 1953ರವರೆಗೆ ಕಾಲೇಜು. ಮಿಷಿಗನ್ ಸ್ಟೇಟ್ 1909ರಿಂದ 1925ರವರೆಗೆ ಮಿಷಿಗನ್ ಅಗ್ರಿಕಲ್ಚರಲ್ ಕಾಲೇಜ್, ಆಮೇಲೆ ಮಿಷಿಗನ್ ಸ್ಟೇಟ್ ಕಾಲೇಜ್, ವಿಶ್ವವಿದ್ಯಾಲಯವಾದದ್ದು 1955ರಲ್ಲಿ.

ಸ್ಟೇಡಿಯಂಗೆ ತದ್ವಿರುದ್ಧ: ಯಾವ ಕಾಲದ ಫೋಟೊ ಆದರೂ ಇತ್ತೀಚಿನ ಹೆಸರು ಮಾತ್ರ, ಹಳೆಯದು ಹೊಸ ಹೆಸರಿನ ಕಡೆಗೆ ಕಳಿಸುವ ನೋಡಿ-ಸೂಚನೆಯಾಗಿ ಅಥಾರಿಟಿ ದಾಖಲೆಯಲ್ಲಿ ಇರುತ್ತದೆ. ಡ್ಯೂಕ್ ಸ್ಟೇಡಿಯಂ 1967ರಲ್ಲಿ ವ್ಯಾಲೇಸ್ ವೇಡ್ ಸ್ಟೇಡಿಯಂ ಆಯಿತು, ಹಾಗಾಗಿ 1942ರ ಫೋಟೊಗೂ ಶೀರ್ಷಿಕೆ ವ್ಯಾಲೇಸ್ ವೇಡ್. ಕಣ್ಣಿಗೆ ವಿಚಿತ್ರ ಕಾಣುತ್ತದೆ. ಅಂದಿನ ಹೆಸರನ್ನು ವಿವರಣೆಯಲ್ಲಿ ಬರೆದರೆ ಹುಡುಕುವವರಿಗೂ ಸಿಗುತ್ತದೆ, ನಿಯಮವೂ ಉಳಿಯುತ್ತದೆ.

1942 ಅಂದದ್ದು ಸುಮ್ಮನೆ ಅಲ್ಲ. ಪರ್ಲ್ ಹಾರ್ಬರ್ ದಾಳಿಯ ನಂತರ ಪಶ್ಚಿಮ ಕರಾವಳಿಯಲ್ಲಿ ಜನ ಗುಂಪುಗೂಡುವುದು ಬೇಡ ಎಂದು ಆ ವರ್ಷದ ರೋಸ್ ಬೌಲ್ ಪಂದ್ಯವನ್ನು ನಾರ್ತ್ ಕ್ಯಾರೊಲೈನಾದ ಡರ್ಹಮ್‌ಗೆ ಒಯ್ದರು. ಆರೆಗಾನ್ ಸ್ಟೇಟ್ ಡ್ಯೂಕ್ ತಂಡವನ್ನು 20-16ರಿಂದ ಸೋಲಿಸಿತು. ಪಂದ್ಯ ರೋಸ್ ಬೌಲ್, ಜಾಗ ರೋಸ್ ಬೌಲ್ ಅಲ್ಲ. ನಿಮ್ಮ ಪ್ರಶ್ನೆಗೆ ಇದೇ ಉತ್ತರ: ಪಂದ್ಯಕ್ಕೆ ಒಂದು ಶೀರ್ಷಿಕೆ, ಸ್ಟೇಡಿಯಂಗೆ ಇನ್ನೊಂದು, ಊರು ಸ್ಥಳದ ಕಾಲಂಗೆ. ಸ್ಟೇಡಿಯಂನ ಶೀರ್ಷಿಕೆಯಲ್ಲಿ ಹೆಸರಿನ ಪಕ್ಕ ಊರು ಮತ್ತು ರಾಜ್ಯ ಇರುತ್ತದೆ, ಅದರಿಂದಲೇ ಎರಡನ್ನೂ ಬೇರ್ಪಡಿಸಿ ಗುರುತಿಸಬಹುದು. ಲಕೋಟೆಯಲ್ಲಿ ಬರೀ "ರೋಸ್ ಬೌಲ್" ಇದ್ದರೆ ಮೊದಲು ದಿನಾಂಕ ನೋಡಿ. ಪಸಡೀನಾದ ಆ ಸ್ಟೇಡಿಯಂ ಯುಸಿಎಲ್‌ಎ ತಂಡಕ್ಕೆ 1982ರಿಂದ ತವರು ಮೈದಾನ, ಆದ್ದರಿಂದ ಅಕ್ಟೋಬರ್ ತಿಂಗಳ "ರೋಸ್ ಬೌಲ್" ಫೋಟೊ ಎಂದರೆ ಜಾಗ, ಪಂದ್ಯವಲ್ಲ. ನಿಮ್ಮ ಸಂಗ್ರಹ 1970ರ ದಶಕಕ್ಕೆ ನಿಲ್ಲುವುದರಿಂದ ಈ ತೊಡಕು ಅಷ್ಟಾಗಿ ಬರಲಿಕ್ಕಿಲ್ಲ.

ತಂಡಕ್ಕೆ ಎರಡು ದಾರಿ ಇವೆ. ಒಂದು, ವಿಶ್ವವಿದ್ಯಾಲಯದ ಹೆಸರಿಗೆ "--ಫುಟ್‌ಬಾಲ್" ಎಂಬ ಉಪವಿಭಾಗ ಸೇರಿಸುವುದು. ಶಿಕ್ಷಣ ಸಂಸ್ಥೆಗಳ ಹೆಸರಿನ ಕೆಳಗೆ ಮುಕ್ತವಾಗಿ ಬಳಸಬಹುದಾದ ಉಪವಿಭಾಗಗಳಲ್ಲಿ ಅದೂ ಒಂದು. ಇನ್ನೊಂದು, ತಂಡದ ಸ್ವಂತ ಹೆಸರು, ಅಂದರೆ ನೋಟರ್ ಡೇಮ್ ಫೈಟಿಂಗ್ ಐರಿಶ್, ಒಹಾಯೊ ಸ್ಟೇಟ್ ಬಕೈಸ್ ಇತ್ಯಾದಿ, ಕೊನೆಗೆ ಆವರಣದೊಳಗೆ "ಫುಟ್‌ಬಾಲ್ ಟೀಮ್" ಎಂಬ ಗುರುತು. ನಾನು ತಂಡದ ಹೆಸರಿನ ಪರ. ಓದುಗರು ಅದನ್ನೇ ಟೈಪ್ ಮಾಡುತ್ತಾರೆ, ಬಾಸ್ಕೆಟ್‌ಬಾಲ್ ತಂಡದಿಂದಲೂ ಅದು ತಾನಾಗೇ ಬೇರೆಯಾಗಿ ನಿಲ್ಲುತ್ತದೆ.

ಪೋಸ್ ಫೋಟೊಗಳಿಗೆ ಒಳ್ಳೆಯ ಉದಾಹರಣೆ ನೋಟರ್ ಡೇಮ್‌ನ "ಫೋರ್ ಹಾರ್ಸ್‌ಮೆನ್": ನಾಲ್ವರು ಆಟಗಾರರು ಕುದುರೆ ಏರಿ ಕೂತ 1924ರ ಚಿತ್ರ. ಆ ಹೆಸರು ಹುಟ್ಟಿದ್ದು ಅಕ್ಟೋಬರ್ 18ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಆರ್ಮಿ (ಅಮೆರಿಕದ ಸೇನಾ ಅಕಾಡೆಮಿಯ ತಂಡ) ವಿರುದ್ಧ ನಡೆದ ಪಂದ್ಯದ ವರದಿಯಿಂದ. ಫೋಟೊ ತೆಗೆದದ್ದು ತಂಡ ಊರಿಗೆ ಮರಳಿದ ಮೇಲೆ, ಸೌತ್ ಬೆಂಡ್‌ನಲ್ಲಿ. ಅದಕ್ಕೆ ನ್ಯೂಯಾರ್ಕ್, ಪೋಲೊ ಗ್ರೌಂಡ್ಸ್, ಆರ್ಮಿ ಇವ್ಯಾವೂ ಸಲ್ಲವು. ನಾಲ್ವರ ಹೆಸರು, ತಂಡ, "ಫುಟ್‌ಬಾಲ್ ಪ್ಲೇಯರ್ಸ್", ಸ್ಥಳಕ್ಕೆ ಸೌತ್ ಬೆಂಡ್. ಕುದುರೆ? ಇಲ್ಲಿ ಕುದುರೆಯೇ ಚಿತ್ರದ ಗುಟ್ಟು, "ಹಾರ್ಸಸ್" ಹಾಕಿದರೆ ತಪ್ಪಿಲ್ಲ. ಸುಮ್ಮನೆ ಹಿನ್ನೆಲೆಯಲ್ಲಿ ನಿಂತ ಕಾರಿಗೆ ಬೇಡ. ಚಿತ್ರ ಯಾತರ ಚಿತ್ರವೋ ಅದು ಬೇರೆ, ಅದರಲ್ಲಿ ಏನೇನು ಬಿದ್ದಿದೆಯೋ ಅದು ಬೇರೆ. ಎರಡನೆಯದು ವಿವರಣೆಯ ವಾಕ್ಯಕ್ಕೆ ಹೋಗಲಿ.

ಮಾರ್ಕ್650

ತಂಡದ ಹೆಸರಿನ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಅಡ್ಡಹೆಸರುಗಳು ಸಂಸ್ಥೆಯ ಹೆಸರಿಗಿಂತ ಬೇಗ ಬದಲಾಗುತ್ತವೆ. ಸ್ಟ್ಯಾನ್‌ಫರ್ಡ್ 1972ರವರೆಗೆ "ಇಂಡಿಯನ್ಸ್" (ಅಮೆರಿಕದ ಮೂಲನಿವಾಸಿಗಳನ್ನು ಕರೆಯುತ್ತಿದ್ದ ಮಾತು) ಎಂದಿತ್ತು. ಒಹಾಯೊದ ಮಯಾಮಿ ವಿಶ್ವವಿದ್ಯಾಲಯ ಹಳೆಯ ಹೆಸರು ಬಿಟ್ಟು "ರೆಡ್‌ಹಾಕ್ಸ್" ಆದದ್ದು 1997ರಲ್ಲಿ. 1890ರ ದಶಕದ ಎಷ್ಟೋ ತಂಡಗಳಿಗೆ ಅಡ್ಡಹೆಸರೇ ಇರಲಿಲ್ಲ. ಆ ಗಾಜಿನ ನೆಗೆಟಿವ್‌ಗೆ ಇವತ್ತಿನ ಅಡ್ಡಹೆಸರು ತೊಡಿಸುವುದು ಸರಿ ಕಾಣುವುದಿಲ್ಲ. ಸಂಸ್ಥೆಯ ಹೆಸರಿಗೆ "--ಫುಟ್‌ಬಾಲ್" ಸೇರಿಸಿದರೆ ಈ ತಲೆನೋವೇ ಇಲ್ಲ. ಎದುರಾಳಿ ತಂಡಗಳ ಅಡ್ಡಹೆಸರುಗಳಿಗೆಲ್ಲ ಅಥಾರಿಟಿ ದಾಖಲೆ ಇರುತ್ತದೆ ಎಂಬ ಭರವಸೆಯೂ ಇಲ್ಲ. ಸಂಸ್ಥೆಗೆ ಬಹುಮಟ್ಟಿಗೆ ಇದ್ದೇ ಇರುತ್ತದೆ.

ಎರಡುಗೆರೆ

1890ರ ದಶಕದ ಮಾತು ಒಪ್ಪುತ್ತೇನೆ. ಆದರೆ ಸೋಸುವ ಪಟ್ಟಿಯಲ್ಲಿ ಸಂಸ್ಥೆಯ ಐದು ಹಳೆಯ ಹೆಸರುಗಳಿಗೆ ಐದು "--ಫುಟ್‌ಬಾಲ್" ಸಾಲು ಬಂದು ಕೂತರೆ ಓದುಗ ಎಲ್ಲವನ್ನೂ ಒಂದೊಂದಾಗಿ ಒತ್ತಬೇಕು. ಸೂಚಿಕಾರ ಅವರೇ, ಎರಡರಲ್ಲಿ ಯಾವುದನ್ನು ಆರಿಸಿದರೂ ಸ್ವಂತ ತಂಡಕ್ಕೂ ಎದುರಾಳಿಗಳಿಗೂ ಅದೇ ಪದ್ಧತಿ ಇರಲಿ. ಅರ್ಧ ಹಾಗೆ ಅರ್ಧ ಹೀಗೆ ಆದರೆ ಎರಡೂ ವಾದ ಸೋತಂತೆ. ಮತ್ತೆ, ಎದುರಾಳಿ ಕಾಲೇಜೇ ಆಗಿರಬೇಕೆಂದಿಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಐಯೊವಾ ಪ್ರೀ-ಫ್ಲೈಟ್, ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರ ಮುಂತಾದ ಸೇನಾ ತಂಡಗಳು ಕಾಲೇಜು ತಂಡಗಳ ಜೊತೆ ಆಡಿದವು. "ಐಯೊವಾ" ಎಂದಷ್ಟೇ ಬರೆದ 1943ರ ಲಕೋಟೆ ಕಂಡರೆ ಐಯೊವಾ ವಿಶ್ವವಿದ್ಯಾಲಯ ಎಂದು ತಕ್ಷಣ ಹಾಕಬೇಡಿ.

ಸಾಲುಕಾಲಂ

ಸ್ಪ್ರೆಡ್‌ಶೀಟಿನ ಕಡೆಯಿಂದ ಕೆಲವು ಮಾತು, ಏಕೆಂದರೆ ಒಳ್ಳೆಯ ಶೀರ್ಷಿಕೆಗಳು ಕೆಡುವುದು ಬಹಳ ಸಲ ಇಲ್ಲೇ.

ಎಕ್ಸೆಲ್‌ನಲ್ಲಿ ತೆರೆಯುವ ಮುಂಚೆ ಎಲ್ಲ ಕಾಲಂಗಳನ್ನೂ ಪಠ್ಯ ಎಂದು ಗೊತ್ತುಪಡಿಸಿ. ಇಲ್ಲವಾದರೆ 6-4 ಎಂಬ ಸ್ಕೋರು ಜೂನ್ 4 ಅಥವಾ ಏಪ್ರಿಲ್ 6 ಆಗುತ್ತದೆ, 1925-11 ಎಂಬ ದಿನಾಂಕ ನವೆಂಬರ್-25 ಆಗಿ ಕಾಣುತ್ತದೆ. ಸಿಎಸ್‌ವಿ ಫೈಲನ್ನು ಎರಡು ಸಲ ಒತ್ತಿ ತೆರೆದರೆ ಈ ಆಯ್ಕೆ ಸಿಗುವುದಿಲ್ಲ, ಡೇಟಾ ಆಮದು ಮೆನುವಿನಿಂದ ತನ್ನಿ.

ಉಪವಿಭಾಗದ ನಡುವೆ ಎರಡು ಹೈಫನ್ ಇರಬೇಕು. ವರ್ಡ್‌ನಲ್ಲಿ ಟೈಪ್ ಮಾಡಿ ಅಂಟಿಸಿದರೆ ಅದು ತಾನಾಗಿ ಒಂದು ಉದ್ದ ಗೆರೆಯಾಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು, ಆದರೆ ಸೂಚಿಯಲ್ಲಿ ಒಂದೇ ಶೀರ್ಷಿಕೆ ಎರಡು ಸಾಲಾಗಿ ಒಡೆಯುತ್ತದೆ. ಕಂಟೆಂಟ್‌ಡಿಎಂ ಸೆಮಿಕೋಲನ್ ಕಂಡಲ್ಲಿ ಶೀರ್ಷಿಕೆ ಕತ್ತರಿಸುತ್ತದೆ, ಆದ್ದರಿಂದ ಶೀರ್ಷಿಕೆಗಳ ನಡುವೆ ಸೆಮಿಕೋಲನ್ ಮಾತ್ರ. ಅಲ್ಪವಿರಾಮ ಹಾಕಿದರೆ "ಥಾರ್ಪ್, ಜಿಮ್" ತರದ ಹೆಸರುಗಳೆಲ್ಲ ಕಲಸಿಹೋಗುತ್ತವೆ.

ಓಪನ್‌ರಿಫೈನ್ ಎಂಬ ಡೇಟಾ ಶುದ್ಧ ಮಾಡುವ ತಂತ್ರಾಂಶದಲ್ಲಿ ಕ್ಲಸ್ಟರ್ ಮಾಡಿ, ಅಂದರೆ ಹೋಲುವ ರೂಪಗಳನ್ನು ಗುಂಪು ಮಾಡಿ, ಒಂದಾಗಿಸುವುದು ಒಳ್ಳೆಯದೇ. ಮೊದಲು ಫಿಂಗರ್‌ಪ್ರಿಂಟ್ ವಿಧಾನ, ಅದು ದೊಡ್ಡಕ್ಷರ, ಖಾಲಿ ಜಾಗ, ಪದಗಳ ಕ್ರಮ ಇವುಗಳ ವ್ಯತ್ಯಾಸವನ್ನು ಹಿಡಿಯುತ್ತದೆ. ಎಷ್ಟು ಅಕ್ಷರ ಬೇರೆ ಇವೆ ಎಂದು ಅಳೆಯುವ ವಿಧಾನಕ್ಕೆ ಹೋದಾಗ "ಎಲ್ಲವನ್ನೂ ಆಯ್ಕೆ ಮಾಡು" ಒತ್ತಬೇಡಿ. ಹೆಸರಿನಲ್ಲಿ ಒಂದೆರಡು ಅಕ್ಷರ ಮಾತ್ರ ಬೇರೆ ಇರುವ ಇಬ್ಬರು ಆಟಗಾರರು ಒಬ್ಬರಾಗಿಬಿಡುತ್ತಾರೆ. ಸಂಸ್ಥೆಗಳ ಪಟ್ಟಿಯನ್ನು ಕಣ್ಣಿನಿಂದಲೇ ನೋಡಿ. ಮಯಾಮಿ ಯೂನಿವರ್ಸಿಟಿ ಒಹಾಯೊದ ಆಕ್ಸ್‌ಫರ್ಡ್‌ನಲ್ಲಿದೆ, ಯೂನಿವರ್ಸಿಟಿ ಆಫ್ ಮಯಾಮಿ ಫ್ಲಾರಿಡಾದಲ್ಲಿದೆ. ಯುಎಸ್‌ಸಿ ಎಂದರೆ ಸದರ್ನ್ ಕ್ಯಾಲಿಫೋರ್ನಿಯಾವೋ ಸೌತ್ ಕ್ಯಾರೊಲೈನಾವೋ? ಒಎಸ್‌ಯು ಎಂದರೆ ಒಹಾಯೊ, ಓಕ್ಲಹೋಮಾ, ಆರೆಗಾನ್ ಮೂರೂ ಆಗಬಹುದು. ಸಂಕ್ಷಿಪ್ತ ರೂಪ ಕಂಡಲ್ಲೆಲ್ಲ ಆ ವರ್ಷದ ಪಂದ್ಯಪಟ್ಟಿ ತೆಗೆದು ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಪ್ರತಿ ಶೀರ್ಷಿಕೆಯ ಪಕ್ಕದ ಕಾಲಂನಲ್ಲಿ ಅಥಾರಿಟಿ ದಾಖಲೆಯ ಯುಆರ್‌ಐ, ಅಂದರೆ ಅದರ ಸಂಖ್ಯೆ ಇರುವ ವೆಬ್ ವಿಳಾಸ, ಇಟ್ಟುಕೊಳ್ಳಿ. ಕಂಟೆಂಟ್‌ಡಿಎಂನಲ್ಲಿ ತೋರಿಸದಿದ್ದರೂ ಪರವಾಗಿಲ್ಲ. ಮುಂದೆ ಶೀರ್ಷಿಕೆಯ ಪದ ಬದಲಾದಾಗ ಪಠ್ಯ ಹುಡುಕುವ ಬದಲು ಸಂಖ್ಯೆ ಹಿಡಿದು ಒಟ್ಟಿಗೆ ಬದಲಿಸಬಹುದು.

ಸೂಚಿಕಾರ

ಇನ್ನೊಂದೇ ಪ್ರಶ್ನೆ. "ಆಫ್ರಿಕನ್ ಅಮೆರಿಕನ್ ಫುಟ್‌ಬಾಲ್ ಪ್ಲೇಯರ್ಸ್" ಎಂಬ ಶೀರ್ಷಿಕೆ ಇದೆಯಲ್ಲ, ಅದನ್ನು ಯಾವಾಗ ಹಾಕಬೇಕು? ಅಮೆರಿಕದ ಮೂಲನಿವಾಸಿಗಳ (ಇಂಡಿಯನ್) ವೇಷದ ಮ್ಯಾಸ್ಕಾಟ್, ಅಂದರೆ ತಂಡದ ಗುರುತಿನ ಪಾತ್ರ, ಇರುವ, ಅವಹೇಳನದ ಮಾತಿರುವ ಅಡಿಬರಹದ ಫೋಟೊಗಳೂ ಕೆಲವು ಇವೆ.

ಗಾಜುಫಲಕ

ಮುಖ ನೋಡಿ ಯಾವತ್ತೂ ಹಾಕಬೇಡಿ. ಆಟಗಾರ ಯಾರೆಂದು ಗುರುತಾಗಿರಬೇಕು, ಕಾಲೇಜಿನ ವಾರ್ಷಿಕ ಪುಸ್ತಕ, ಆ ಕಾಲದ ಪತ್ರಿಕೆ, ಜೀವನಚರಿತ್ರೆ ಇವುಗಳಲ್ಲಿ ಆಧಾರ ಇರಬೇಕು. ಹಳೆಯ ಕಪ್ಪು ಬಿಳುಪು ನೆಗೆಟಿವ್‌ಗಳಲ್ಲಿ ಮೈಬಣ್ಣ ಅನ್ನುವುದೇ ಲೇಪನ, ಬೆಳಕು, ಮುದ್ರಣದ ಮೇಲೆ ನಿಂತ ಸಂಗತಿ. ಆಧಾರ ಇದ್ದಲ್ಲಿ ಹಾಕುವುದು ಒಳ್ಳೆಯದು, ಏಕೆಂದರೆ ಬಿಳಿಯರ ತಂಡದಲ್ಲಿ ಆಡಿದ ಮೊದಮೊದಲ ಕಪ್ಪು ಆಟಗಾರರನ್ನು ಹುಡುಕಿಕೊಂಡು ಸಂಶೋಧಕರು ಬರುವುದು ಆ ಶೀರ್ಷಿಕೆಯಿಂದಲೇ. ಎದುರಾಳಿ ಕಪ್ಪು ವಿದ್ಯಾರ್ಥಿಗಳ ಕಾಲೇಜಾದರೆ ಪ್ರತಿ ಫೋಟೊಗೂ ಬೇಡ, ಸಂಸ್ಥೆಯ ಹೆಸರೇ ಆ ಕೆಲಸ ಮಾಡುತ್ತದೆ. ಅಲ್ಲೂ ಹೆಸರಿನ ಕಾಲ ನೋಡಿಕೊಳ್ಳಿ. ಕಪ್ಪು ಕಾಲೇಜುಗಳ ನಡುವಿನ ಮೊದಲ ಪಂದ್ಯ, 1892ರ ಡಿಸೆಂಬರ್ 27ರದ್ದು, ಲಿವಿಂಗ್‌ಸ್ಟನ್ ಕಾಲೇಜ್ ಮತ್ತು ಬಿಡ್ಲ್ ವಿಶ್ವವಿದ್ಯಾಲಯದ ನಡುವೆ ನಡೆಯಿತು. ಬಿಡ್ಲ್ ಈಗ ಜಾನ್ಸನ್ ಸಿ. ಸ್ಮಿತ್ ವಿಶ್ವವಿದ್ಯಾಲಯ.

ಮೂಲನಿವಾಸಿ ವಿದ್ಯಾರ್ಥಿಗಳ ಶಾಲೆಯಾದ ಕಾರ್ಲೈಲ್‌ನ ತಂಡದ ವಿರುದ್ಧದ ಫೋಟೊ ಇದ್ದರೆ, ಅಥಾರಿಟಿ ಫೈಲ್‌ನಲ್ಲಿ ಆ ಶಾಲೆ "ಯುನೈಟೆಡ್ ಸ್ಟೇಟ್ಸ್ ಇಂಡಿಯನ್ ಸ್ಕೂಲ್" ಎಂದು ಶುರುವಾಗುತ್ತದೆ, ಕಾರ್ಲೈಲ್ ಎಂಬುದು ಆವರಣದೊಳಗಿನ ಊರು. ಶೀರ್ಷಿಕೆ ಅದೇ ಇರಲಿ, "ಕಾರ್ಲೈಲ್ ಇಂಡಿಯನ್ಸ್" ಎಂಬ ರೂಢಿಯ ಹೆಸರನ್ನು ವಿವರಣೆಯಲ್ಲಿ ಬರೆಯಿರಿ.

ಅವಹೇಳನದ ಅಡಿಬರಹವನ್ನು ಅಳಿಸಬೇಡಿ, ತಿದ್ದಲೂಬೇಡಿ. "ಮೂಲ ಬರಹ" ಎಂಬ ಕಾಲಂನಲ್ಲಿ ಉದ್ಧರಣ ಚಿಹ್ನೆಯೊಳಗೆ ಇದ್ದಂತೆ ನಕಲಿಸಿ. ಫೋಟೊದ ಹೆಸರನ್ನು ಮಾತ್ರ ನೀವೇ ತಟಸ್ಥವಾಗಿ ಕೊಡಿ. ಹುಡುಕಾಟದ ಫಲಿತಾಂಶದಲ್ಲಿ ಮೊದಲು ಕಾಣುವುದು ಅದೇ, ಮೂಲ ಬರಹ ದಾಖಲೆ ತೆರೆದವರಿಗಷ್ಟೇ ಕಾಣುತ್ತದೆ. ಮ್ಯಾಸ್ಕಾಟ್ ವೇಷದವರನ್ನು ಮೂಲನಿವಾಸಿಗಳ ಜನಾಂಗದ ಶೀರ್ಷಿಕೆಯ ಕೆಳಗೆ ತರಲೇಬಾರದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2007ರವರೆಗೆ ಇದ್ದ ಚೀಫ್ ಇಲಿನಿವೆಕ್ ತರದ ಪಾತ್ರಗಳಲ್ಲಿ ವೇಷ ಹಾಕುತ್ತಿದ್ದದ್ದು ವಿದ್ಯಾರ್ಥಿಗಳು. ಅದಕ್ಕೆ "ಮ್ಯಾಸ್ಕಾಟ್ಸ್", ಮತ್ತೆ ಆ ಪಾತ್ರದ ಹೆಸರು ವಿವರಣೆಯಲ್ಲಿ.